ಗರಿಗರಿ ಅಮ್ಮನ ಹಗ್ಗದ ಬುಟ್ಟಿ

ನಮ್ಮ ಅತ್ತೆಯನ್ನು ಬೀದಿಯವರೆಲ್ಲ ಗರಿಗರಿ ಅಮ್ಮ ಎಂದೇ ಕರೆಯುತ್ತಾರೆ. ಅವರು ಇಸ್ತ್ರಿ ಮಾಡಿದ ಅಂಗಿಯ ಕಾಲರ್ ಸಂಜೆಯಾದರೂ ತಲೆ ಬಗ್ಗಿಸುವುದಿಲ್ಲ. ಅವರ ಮಾತೂ ಹಾಗೆಯೇ. ನಾನು ಈ ಮನೆಗೆ ಬಂದ ಮೇಲೆ ಕೆಲಸ ಕಲಿತದ್ದೆಲ್ಲ ಅವರ ಬೈಗುಳ ಕೇಳಿಕೊಂಡೇ.

ನಮ್ಮ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಬುಡದಲ್ಲಿದೆ. ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಒಂದು ಉದ್ದ ಮೇಜು, ಅದರ ಮೇಲೆ ಸುಟ್ಟ ಕಲೆಗಳ ಕಂಬಳಿ, ಮೂಲೆಯಲ್ಲಿ ಇದ್ದಿಲ ಒಲೆ, ಎರಡು ಕೈ ಹಾಕಿ ಎತ್ತಬೇಕಾದ ಕಬ್ಬಿಣದ ಇಸ್ತ್ರಿ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಕೆಂಡ ತುಂಬಿ ಬಟ್ಟೆ ಒತ್ತುವುದು.

ಆ ಕೆಂಡ ಮಾಡುವುದಕ್ಕೆ ಅತ್ತೆಯದೊಂದು ಕಟ್ಟುನಿಟ್ಟು ಇತ್ತು. ಒಲೆ ಹೊತ್ತಿಸುವ ಮೊದಲು ಬಾಗಿಲು ಹಾಕಬೇಕು, ಕಿಟಕಿಯನ್ನೂ ಹಾಕಬೇಕು. ಗಾಳಿ ಬಂದರೆ ಬೂದಿ ಹಾರಿ ಬಿಳಿ ಬಟ್ಟೆಯ ಮೇಲೆ ಕೂರುತ್ತದೆ. ಅವರಿಗೆ ಇದನ್ನು ಹೇಳಿಕೊಟ್ಟದ್ದು ಅವರ ಅತ್ತೆ. ನನಗೆ ಹೇಳಿಕೊಟ್ಟದ್ದು ಇವರು. ಬಾಗಿಲು ಹಾಕಿ, ಮೊಣಕಾಲೂರಿ ಕೂತು, ಊದುಗೊಳವೆಯಲ್ಲಿ ಉಫ್ ಉಫ್ ಎಂದು ಊದುತ್ತಿದ್ದರು. ಕೋಣೆ ತುಂಬ ಹೊಗೆ. ಬಟ್ಟೆಗೆ ಮಾತ್ರ ಒಂದು ಚುಕ್ಕೆ ಬೂದಿ ಇಲ್ಲ.

ಅವರಿಗೆ ಬೆಳಗಿನ ಕೆಮ್ಮು ಯಾವಾಗ ಶುರುವಾಯಿತೋ ನನಗೆ ನೆನಪಿಲ್ಲ. ಹಲ್ಲುಜ್ಜುವಾಗ ಒಂದಷ್ಟು ಕೆಮ್ಮಿ ಕಫ ಉಗಿದು ಬರುವುದು ಅವರ ದಿನಚರಿಯೇ ಆಗಿತ್ತು. ನಾವು ಅದನ್ನು ಗಡಿಯಾರದಂತೆ ಬಳಸಿಕೊಂಡೆವು. ಅತ್ತೆ ಕೆಮ್ಮಿದರೆ ಮಕ್ಕಳನ್ನು ಎಬ್ಬಿಸುವ ಹೊತ್ತಾಯಿತು ಎಂದರ್ಥ.

ಆಮೇಲೆ ಬುಟ್ಟಿ ಬಂತು.

ಮೇಲಿನ ಮನೆಗಳಿಗೆ ಬಟ್ಟೆ ತಲುಪಿಸುವುದು ಮೊದಲಿನಿಂದ ಅತ್ತೆಯ ಕೆಲಸ. ಗಂಟು ತಲೆಯ ಮೇಲಿಟ್ಟು ದಡದಡ ಹತ್ತಿ ಹೋಗಿ, ಪ್ರತಿ ಮನೆಯ ಸುದ್ದಿಯನ್ನೂ ಹೊತ್ತು ಇಳಿಯುತ್ತಿದ್ದರು. ಕಳೆದ ಚಳಿಗಾಲದಲ್ಲಿ ಒಂದು ದಿನ ಎಲ್ಲರಿಗೂ ಹೇಳಿಕಳಿಸಿದರು. ಬಾಲ್ಕನಿಯಿಂದ ಹಗ್ಗಕ್ಕೊಂದು ಬುಟ್ಟಿ ಕಟ್ಟಿ ಇಳಿಬಿಡಿ, ಬಟ್ಟೆ ಇಟ್ಟು ಹಗ್ಗ ಜಗ್ಗುತ್ತೇನೆ, ನೀವೇ ಎಳೆದುಕೊಳ್ಳಿ ಎಂದು.

ಎಲ್ಲರೂ ಹೊಗಳಿದರು. "ಅಬ್ಬಾ, ಗರಿಗರಿ ಅಮ್ಮನ ತಲೆಯೇ ತಲೆ" ಎಂದರು. ನನ್ನ ಗಂಡ, ಅಂದರೆ ಅವರ ಮಗ, ಎದುರಿನ ಅಂಗಡಿಯವರಿಗೆಲ್ಲ ಹೇಳಿಕೊಂಡು ಬಂದರು. ಅತ್ತೆಯೂ ನಕ್ಕರು. ಅವರು ಯಾಕೆ ಬುಟ್ಟಿ ಕೇಳಿದರು ಎಂದು ಯಾರೂ ಕೇಳಲಿಲ್ಲ. ನನಗೂ ಕೇಳಬೇಕು ಅನ್ನಿಸಲಿಲ್ಲ. ಮಕ್ಕಳು, ಅಡುಗೆ, ಅತಿಥಿಗೃಹದಿಂದ ಬರುವ ಹಾಸಿಗೆ ಬಟ್ಟೆಯ ರಾಶಿ, ಇವುಗಳ ನಡುವೆ ಒಂದು ಕೆಲಸ ಹಗುರವಾದರೆ ಯಾರು ಪ್ರಶ್ನೆ ಕೇಳುತ್ತಾರೆ?

ಇನ್ನೊಂದು ಬದಲಾವಣೆಯೂ ಆಗಿತ್ತು. ಅವರ ಬೈಗುಳ ಕಂತಿನಲ್ಲಿ ಬರತೊಡಗಿತ್ತು. "ನಿನಗೆ ಎಷ್ಟು ಸಲ…" ಎಂದು ನಿಲ್ಲಿಸುವರು. ಒಂದು ಉಸಿರು ತೆಗೆದುಕೊಂಡು, "ಹೇಳಿದೀನಿ ಮಡಿಕೆ…" ಎನ್ನುವರು. ಆಮೇಲೆ ಕೈ ಬೀಸಿ ಸುಮ್ಮನಾಗುವರು. ನಾನು ಮನಸ್ಸಿನಲ್ಲೇ ಅಂದುಕೊಂಡೆ, ವಯಸ್ಸಾಯಿತು, ಅತ್ತೆ ಮೆತ್ತಗಾದರು ಎಂದು.

ಮೇಲಿನ ಕೊನೆಯ ಮಹಡಿಯಲ್ಲಿ ಒಬ್ಬ ನರ್ಸಮ್ಮ ಇದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ. ಅವರ ಬಿಳಿ ಕೋಟು ವಾರಕ್ಕೆರಡು ಬಾರಿ ನಮ್ಮಲ್ಲಿಗೆ ಬರುತ್ತದೆ. ಒಂದು ಮಧ್ಯಾಹ್ನ ಅವರ ಬುಟ್ಟಿ ಇಳಿಯಿತು. ಅತ್ತೆ ಬಗ್ಗಿ ಕೋಟು ಇಟ್ಟರು. ಹಗ್ಗ ಜಗ್ಗಲಿಲ್ಲ. ಮೇಲಿನಿಂದ ನರ್ಸಮ್ಮ ಬಗ್ಗಿ ನೋಡಿದರೆ, ಅತ್ತೆ ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, ಭುಜ ಕುಣಿಸಿಕೊಂಡು ಉಸಿರಾಡುತ್ತಿದ್ದರು. ಎದೆಯಿಂದ ಸುಂಯ್ ಸುಂಯ್ ಎನ್ನುವ ಸದ್ದು.

ನರ್ಸಮ್ಮ ಚಪ್ಪಲಿಯನ್ನೂ ಹಾಕದೆ ಇಳಿದು ಬಂದರು.

"ಏನಾಯ್ತಮ್ಮ?"

"ಏನಿಲ್ಲ ತಾಯಿ. ಧೂಳು."

"ಕೋಟು ಇಡೋಕೆ ಬಗ್ಗಿದ್ದಕ್ಕೆ ಧೂಳಾ?"

"ವಯಸ್ಸು ಅನ್ನು."

"ವಯಸ್ಸಾದ್ರೆ ಕೂದಲು ಬೆಳ್ಳಗಾಗತ್ತೆ. ಉಸಿರು ಕಟ್ಟಲ್ಲ." ನರ್ಸಮ್ಮ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ಅತ್ತೆಯ ಉಸಿರು ಒಂದು ಹದಕ್ಕೆ ಬರುವವರೆಗೆ ಬೆನ್ನು ಸವರಿದರು. ಆಮೇಲೆ ಕೇಳಿದರು, "ಅಮ್ಮ, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಈ ಬುಟ್ಟಿ ಯಾಕೆ ಕಟ್ಟಿಸಿದ್ರಿ?"

ಅತ್ತೆ ಅಂಗಡಿಯೊಳಗಿದ್ದ ನನ್ನ ಕಡೆ ನೋಡಿದರು. ಆಮೇಲೆ ಬುಟ್ಟಿಯ ಕಡೆ.

"ಹತ್ತೋಕಾಗಲ್ಲ" ಎಂದರು. "ಮೊದಲ ಮಹಡಿಗೇ ಜೀವ ಬಾಯಿಗೆ ಬರತ್ತೆ. ರಾತ್ರಿ ಮಲಗಿದ್ರೆ ಎದೆ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ. ಕೂತೇ ಕಣ್ಣು ಮುಚ್ತೀನಿ."

ನಾನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಹತ್ತಿರ ಬಂದೆ.

"ಆಸ್ಪತ್ರೆಗೆ ಬನ್ನಿ. ಉಸಿರಿನ ಪರೀಕ್ಷೆ ಮಾಡ್ತಾರೆ" ಎಂದರು ನರ್ಸಮ್ಮ.

ಅಷ್ಟರಲ್ಲಿ ನನ್ನ ಗಂಡ ಬಾಗಿಲಿಗೆ ಬಂದರು. ಬೆರಳ ಸಂದಿಯಲ್ಲಿ ಸಿಗರೇಟು. "ಸಿಸ್ಟರ್, ಸ್ವಲ್ಪ ಮೆಲ್ಲಗೆ ಮಾತಾಡಿ" ಎಂದರು. "ಅಮ್ಮಂಗೆ ಕೆಮ್ಮು, ಆಸ್ಪತ್ರೆಗೆ ಹೋದ್ರು ಅಂತ ಸುದ್ದಿಯಾದ್ರೆ ಟಿ.ಬಿ. ಅಂತಾರೆ. ಅತಿಥಿಗೃಹದವರು ನಾಳೆಯಿಂದ ಬಟ್ಟೆ ಕಳಿಸ್ತಾರಾ? ಕೆಮ್ಮೋರ ಕೈಗೆ ಹಾಸಿಗೆ ಬಟ್ಟೆ ಯಾರು ಕೊಡ್ತಾರೆ?"

"ಪರೀಕ್ಷೆ ಮಾಡಿದ್ರೆ ತಾನೆ ಟಿ.ಬಿ. ಹೌದೋ ಅಲ್ವೋ ಗೊತ್ತಾಗೋದು? ಟಿ.ಬಿ. ಆಗಿದ್ರೂ ಅದಕ್ಕೆ ಔಷಧಿ ಇದೆ. ಗೊತ್ತು ಮಾಡ್ಕೊಳ್ಳದೆ ಇರೋದಕ್ಕೆ ಮಾತ್ರ ಔಷಧಿ ಇಲ್ಲ."

"ನಮ್ಮಮ್ಮ ಜನ್ಮದಲ್ಲಿ ಒಂದು ಸಿಗರೇಟು ಮುಟ್ಟಿದವಳಲ್ಲ. ಎದೆ ಕೆಡೋಕೆ ಕಾರಣವೇ ಇಲ್ಲ."

ನರ್ಸಮ್ಮ ಅಂಗಡಿಯ ಒಳಗೆ ಕಣ್ಣು ಹಾಯಿಸಿದರು. ಮಸಿ ಹಿಡಿದ ಗೋಡೆ. ಮುಚ್ಚಿದ ಕಿಟಕಿ. "ಆ ಗೋಡೆನೂ ಸಿಗರೇಟು ಸೇದಿಲ್ಲ" ಎಂದರು. "ಅದರ ಬಣ್ಣ ನೋಡಿ."

ನನ್ನ ಗಂಡ ಸಿಗರೇಟು ಬಾಯಿಗಿಟ್ಟು ಬೀದಿಯ ಕಡೆ ತಿರುಗಿದರು. ಅತ್ತೆಯೂ ಒಪ್ಪಲಿಲ್ಲ. "ಬೇಸಿಗೆ ಬಂದ್ರೆ ಸರಿ ಹೋಗತ್ತೆ" ಎಂದು ಎದ್ದು ಒಳಗೆ ಹೋದರು. ಅಂಗಡಿ ಮುಚ್ಚಬೇಕಾಗಬಹುದು ಎನ್ನುವ ಭಯ ಅವರಿಗೆ ಉಸಿರಿಗಿಂತ ಭಾರವಾಗಿತ್ತು.

ಅವರ ಮನಸ್ಸು ತಿರುಗಿದ್ದು ಬೇರೆ ಯಾರ ಮಾತಿಗೂ ಅಲ್ಲ, ಒಲೆಗೆ. ಒಂದು ಬೆಳಿಗ್ಗೆ ಬಾಗಿಲು ಹಾಕಿ ಊದಲು ಕೂತರು. ಊದಿದರು. ಇದ್ದಿಲು ಒಂದು ಕಡೆ ಕೆಂಪಾಗಿ ಮತ್ತೆ ಕಪ್ಪಾಯಿತು. ಇನ್ನೊಮ್ಮೆ ಊದಿದರು. ಊದುಗೊಳವೆಯಿಂದ ಗಾಳಿಯೇ ಬರಲಿಲ್ಲ. ಮದುವೆಯಾದಾಗಿನಿಂದ ಆ ಒಲೆ ಅವರ ಮಾತು ಮೀರಿರಲಿಲ್ಲ. ಊದುಗೊಳವೆಯನ್ನು ನನ್ನ ಕೈಗೆ ಕೊಟ್ಟು, ಗೋಡೆಗೆ ಒರಗಿ, "ನರ್ಸಮ್ಮಂಗೆ ಹೇಳು" ಎಂದರು. ಅಷ್ಟೇ.

ಆಸ್ಪತ್ರೆಯಲ್ಲಿ ಮೊದಲು ಕಫ ಪರೀಕ್ಷೆಗೆ ತೆಗೆದುಕೊಂಡರು, ಎದೆಯ ಎಕ್ಸ್-ರೇ ತೆಗೆದರು. ಆಮೇಲೆ ಊದುವ ಪರೀಕ್ಷೆ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಒಂದು ಕೊಳವೆ ಕೊಟ್ಟರು. ಅದು ಒಂದು ಯಂತ್ರಕ್ಕೆ ಸೇರಿತ್ತು. "ಅಮ್ಮ, ಎದೆ ತುಂಬ ಉಸಿರು ತಗೊಂಡು ಜೋರಾಗಿ ಊದಿ. ಒಳಗಿರೋದೆಲ್ಲ ಖಾಲಿಯಾಗೋವರೆಗೂ ನಿಲ್ಲಿಸ್ಬೇಡಿ" ಎಂದಳು ಅಲ್ಲಿದ್ದ ಹುಡುಗಿ.

ಅತ್ತೆ ಕ್ಲಿಪ್ ಹಾಕಿದ ಮೂಗಿನಲ್ಲೇ ಹೇಳಿದರು, "ಊದೋದು ನಂಗೆ ಹೇಳ್ಕೊಡ್ತೀಯಾ ಮಗಳೇ?"

ಆದರೆ ಆಗಲಿಲ್ಲ. ಗಾಳಿ ಸಣ್ಣಗೆ, ಬಹಳ ಹೊತ್ತು, ಪಂಕ್ಚರ್ ಆದ ಚಕ್ರದಿಂದ ಬಂದ ಹಾಗೆ ಬಂತು. ಮತ್ತೆ ಊದಿಸಿದರು. ಉಸಿರುದಾರಿ ಅಗಲ ಮಾಡುವ ಔಷಧಿ ಎಳೆಸಿ, ಸ್ವಲ್ಪ ಹೊತ್ತು ಕೂರಿಸಿ, ಇನ್ನೊಮ್ಮೆ ಊದಿಸಿದರು. ಹೆಚ್ಚೇನೂ ಬದಲಾಗಲಿಲ್ಲ.

ಡಾಕ್ಟರು ಎಲ್ಲ ನೋಡಿ ಹೇಳಿದರು. "ಟಿ.ಬಿ. ಅಲ್ಲ. ಇದಕ್ಕೆ ಸಿಒಪಿಡಿ ಅಂತಾರೆ. ಹೊಗೆ ಕುಡಿದೂ ಕುಡಿದೂ ಉಸಿರಿನ ದಾರಿ ಒಳಗಡೆ ಊದ್ಕೊಂಡು ಸಣ್ಣದಾಗಿದೆ, ಕಫ ಕಟ್ಟಿದೆ. ಗಾಳಿ ಒಳಗೆ ಹೋಗತ್ತೆ, ಪೂರ್ತಿ ಹೊರಗೆ ಬರಲ್ಲ. ಹಳೇ ಗಾಳಿನೇ ತುಂಬ್ಕೊಂಡಿದ್ರೆ ಹೊಸದಕ್ಕೆ ಜಾಗ ಎಲ್ಲಿ?"

"ಬೇರೆಯವರಿಗೆ ಅಂಟತ್ತಾ?" ನನ್ನ ಗಂಡ ಕೇಳಿದರು.

"ಇಲ್ಲ. ಒಂದೇ ತಟ್ಟೆಲಿ ಊಟ ಮಾಡಿದ್ರೂ ಅಂಟಲ್ಲ. ಬಟ್ಟೆಯಿಂದಂತೂ ಇಲ್ಲವೇ ಇಲ್ಲ."

"ವಾಸಿಯಾಗತ್ತಾ?" ನಾನು ಕೇಳಿದೆ.

ಡಾಕ್ಟರು ಸುಳ್ಳು ಹೇಳಲಿಲ್ಲ. "ಪೂರ್ತಿ ವಾಸಿಯಾಗಲ್ಲ. ಹಾಳಾಗಿರೋದು ಹಿಂದಕ್ಕೆ ಬರಲ್ಲ. ಆದರೆ ಇನ್ನೂ ಹಾಳಾಗೋದನ್ನ ತಡೆಯಬಹುದು. ಹೊಗೆ ಬಿಟ್ಟು, ಔಷಧಿ ಸರಿಯಾಗಿ ತಗೊಂಡ್ರೆ ಕೆಲಸ ಮಾಡ್ಕೊಂಡು ಚೆನ್ನಾಗೇ ಇರಬಹುದು. ಬಾಗಿಲು ಹಾಕಿ ಇದ್ದಿಲು ಉರಿಸೋದು ಇವತ್ತಿಗೇ ನಿಲ್ಲಬೇಕು. ಮುಚ್ಚಿದ ಕೋಣೇಲಿ ಅದರ ವಿಷಗಾಳಿ ಒಂದೇ ದಿನದಲ್ಲೂ ಜೀವ ತೆಗೆಯತ್ತೆ." ಆಮೇಲೆ ನನ್ನ ಗಂಡನ ಅಂಗಿಯ ಜೇಬಿನ ಕಡೆ ನೋಡಿದರು. "ಈ ಕಾಯಿಲೆ ತರೋದ್ರಲ್ಲಿ ಸಿಗರೇಟಿನದು ದೊಡ್ಡ ಪಾಲು. ನಿಮ್ಮ ಹೊಗೇನೂ ಅವರ ಎದೆಗೇ ಹೋಗ್ತಿದೆ."

ಬಾಯಿಂದ ಔಷಧಿ ಎಳೆದುಕೊಳ್ಳುವ ಎರಡು ಪಂಪು, ಅಂದರೆ ಇನ್‌ಹೇಲರ್, ಕೊಟ್ಟರು. ಒಂದು ದಿನಾ ಎಳೆಯಬೇಕಾದದ್ದು, ಇನ್ನೊಂದು ಉಸಿರು ಕಟ್ಟಿದಾಗ ಎಳೆಯುವುದು. ಹೇಗೆ ಎಂದು ಒಮ್ಮೆ ತೋರಿಸಿದರು. ಹೊರಗೆ ದೊಡ್ಡ ಸಾಲಿತ್ತು. ನಾವು ತಲೆಯಾಡಿಸಿ ಬಂದೆವು.

ಇದ್ದಿಲು ನಿಂತಿತು, ಬಾಡಿಗೆಗೆ ಒಂದು ಕರೆಂಟಿನ ಇಸ್ತ್ರಿ ಪೆಟ್ಟಿಗೆ ಬಂತು. ಆದರೆ ಪಂಪಿನ ಕಥೆ ಬೇರೆಯಾಯಿತು.

ಅತ್ತೆ ಮೊದಲ ಕೆಲವು ದಿನ ತಪ್ಪದೆ ಪಂಪು ತೆಗೆದುಕೊಂಡರು. ಸ್ವಲ್ಪ ಹಗುರವಾಯಿತು. ಹಗುರವಾದ ದಿನ ಬಿಟ್ಟರು. ನಾನು ನೆನಪಿಸಿದರೆ, "ಬಟ್ಟೆ ಒದ್ದೆ ಇರುವಾಗ ಯಾರಾದ್ರೂ ನೀರು ಚಿಮುಕಿಸ್ತಾರಾ? ಉಸಿರು ಚೆನ್ನಾಗಿದೆ. ಕಷ್ಟ ಬಂದಾಗ ನೋಡೋಣ" ಎನ್ನುತ್ತಿದ್ದರು. ನನ್ನ ಗಂಡ ಅದಕ್ಕೆ ಇನ್ನೊಂದು ಸೇರಿಸಿದರು. "ಪಂಪು ಅಭ್ಯಾಸ ಆದ್ರೆ ಬಿಡೋಕಾಗಲ್ವಂತೆ. ಎದುರಿನ ಅಂಗಡಿಯವನು ಹೇಳ್ದ."

ಮಳೆ ಹಿಡಿದ ವಾರ ಅತ್ತೆಗೆ ನೆಗಡಿಯಾಯಿತು. ಕಫ ಹಳದಿಯಾಯಿತು, ಆಮೇಲೆ ಹಸಿರು. ಪಂಪು ಮೇಲೆ ಪಂಪು ಒತ್ತಿಕೊಂಡರೂ ಪ್ರಯೋಜನವಾಗಲಿಲ್ಲ. ನನ್ನ ಮಗಳನ್ನು ಹೆಸರು ಹಿಡಿದು ಕರೆಯಲು ಹೋಗಿ ಅರ್ಧ ಹೆಸರಿಗೇ ಉಸಿರು ನಿಂತಿತು. ತುಟಿ ನೀಲಿಗಟ್ಟಿತ್ತು. ನನ್ನ ಗಂಡ ಅವರನ್ನು ಎತ್ತಿಕೊಂಡೇ ಆಟೋ ಹತ್ತಿಸಿದರು. ಆ ದಿನ ಯಾರು ನೋಡುತ್ತಾರೆ ಎನ್ನುವ ಯೋಚನೆ ಅವರಿಗೆ ಬರಲಿಲ್ಲ.

ಕೆಲವು ದಿನ ಆಕ್ಸಿಜನ್ ಹಾಕಿ ಮಲಗಿಸಿದ್ದರು. ನಾನು ಆಸ್ಪತ್ರೆಗೂ ಮನೆಗೂ ಅಂಗಡಿಗೂ ಓಡಾಡಿದೆ. ಕೂತಲ್ಲೇ ನಿದ್ದೆ, ನಿಂತಲ್ಲೇ ಊಟ. ಆ ದಣಿವನ್ನು ಬರೆದು ಪ್ರಯೋಜನವಿಲ್ಲ, ರೋಗಿಯ ಮನೆಯವರಿಗೆಲ್ಲ ಅದು ಗೊತ್ತಿರುತ್ತದೆ.

ಅತ್ತೆ ಎದ್ದು ಕೂರುವಂತಾದಾಗ ನರ್ಸಮ್ಮ ಹಾಸಿಗೆಯ ಪಕ್ಕ ಬಂದರು. "ಬೈಯಲ್ಲ. ಪಂಪು ಹೇಗೆ ತಗೋತೀರಿ ಅಂತ ಒಂದ್ಸಲ ತೋರಿಸಿ."

ಅತ್ತೆ ತೋರಿಸಿದರು. ಪಂಪನ್ನು ಬಾಯಿಗೆ ಇದಿರು ಹಿಡಿದು, ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯನ್ನು ಒತ್ತಿದಂತೆ ಫುಸ್ ಎಂದು ಒತ್ತಿದರು. ಬಾಯಿ ಮುಚ್ಚಿದರು. ಆಮೇಲೆ ಮೂಗಿನಲ್ಲಿ ಉಸಿರು ತೆಗೆದುಕೊಂಡರು.

ನರ್ಸಮ್ಮ ನಗಲಿಲ್ಲ. "ನಾಲಿಗೆಗೆ ಇಸ್ತ್ರಿ ಮಾಡಿದ್ರಿ" ಎಂದರು. "ಎದೆಗೆ ಒಂದು ಹನಿನೂ ಹೋಗಿಲ್ಲ."

ಆಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿಯಂಥದ್ದನ್ನು ತಂದು ಪಂಪಿಗೆ ಸಿಕ್ಕಿಸಿದರು. ಅದಕ್ಕೆ ಸ್ಪೇಸರ್ ಎನ್ನುತ್ತಾರೆ. "ಮೊದಲು ಪಂಪು ಚೆನ್ನಾಗಿ ಅಲ್ಲಾಡಿಸಿ. ಉಸಿರು ಪೂರ್ತಿ ಹೊರಗೆ ಬಿಡಿ. ಇದರ ಬಾಯಿನ ತುಟಿಯಿಂದ ಗಟ್ಟಿಯಾಗಿ ಮುಚ್ಚಿ. ಒಂದೇ ಸಲ ಒತ್ತಿ. ಈಗ ಬಾಯಿಂದಲೇ ನಿಧಾನವಾಗಿ ಎಳೀರಿ. ತಡ್ಕೊಳ್ಳಿ, ಆಗೋಷ್ಟು ಹೊತ್ತು. ಈಗ ಬಿಡಿ. ದಿನದ ಪಂಪು ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗೀರಿ, ಇಲ್ಲಾಂದ್ರೆ ಬಾಯಲ್ಲಿ ಹುಣ್ಣಾಗಬಹುದು."

"ಚೆನ್ನಾಗಿರೋ ದಿನಾನೂ ಬೇಕಾ?" ಅತ್ತೆ ಕೇಳಿದರು. ಧ್ವನಿಯಲ್ಲಿ ಜಗಳ ಇರಲಿಲ್ಲ, ಸುಸ್ತು ಇತ್ತು.

"ಅಮ್ಮ, ನೀವು ಅಂಗಿಗೆ ಗಂಜಿ ಯಾವಾಗ ಹಾಕ್ತೀರಿ? ಮುದುಡಿದ ಮೇಲಾ?"

"ಮುದುಡಿದ ಮೇಲೆ ಹಾಕಿ ಏನು ಬಂತು? ಒಗೆದಾಗಲೆಲ್ಲ ಹಾಕ್ಬೇಕು. ಆಗಲೇ ನಿಲ್ಲೋದು."

"ದಿನದ ಪಂಪು ಗಂಜಿ. ಚೆನ್ನಾಗಿದ್ರೂ ಹಾಕ್ಬೇಕು, ಇಲ್ಲದಿದ್ರೂ ಹಾಕ್ಬೇಕು. ಇನ್ನೊಂದು ಪಂಪು ನೀರು. ಬೇಕಾದಾಗ ಮಾತ್ರ ಚಿಮುಕಿಸೋದು. ನೀವು ಗಂಜಿನ ನೀರು ಅಂದ್ಕೊಂಡ್ರಿ."

ಅತ್ತೆ ದಿನದ ಪಂಪನ್ನು ಕೈಗೆತ್ತಿಕೊಂಡರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಮಗನ ಕಡೆ ತಿರುಗಿ, "ಅಭ್ಯಾಸ ಆಗ್ಬಿಡತ್ತೆ ಅಂದ್ಯಲ್ಲ" ಎಂದರು. "ಉಸಿರಾಡೋದೂ ಅಭ್ಯಾಸನೇ ಅಲ್ವೇನೋ?"

ನನ್ನ ಗಂಡನ ಕೈ ಅಂಗಿಯ ಜೇಬಿಗೆ ಹೋಯಿತು. ನರ್ಸಮ್ಮ ಅವರಿಗೆ ಮೆಲ್ಲಗೆ ಹೇಳಿದರು, "ಪಂಪಿಗೆ ಚಟ ಹತ್ತಲ್ಲ. ಚಟ ನಿಮ್ಮ ಜೇಬಲ್ಲಿರೋದು. ಅದನ್ನ ಬಿಡಿಸೋಕೂ ನಮ್ಮಲ್ಲಿ ಸಹಾಯ ಮಾಡೋರಿದ್ದಾರೆ."

ಮನೆಗೆ ಬಂದ ಮೇಲೆ ಎಲ್ಲ ಒಂದೇ ಸಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅತ್ತೆಗೆ ಕರೆಂಟಿನ ಪೆಟ್ಟಿಗೆ ಹಿಡಿಸಲಿಲ್ಲ. "ಇದಕ್ಕೆ ತೂಕವೇ ಇಲ್ಲ. ಬಟ್ಟೆ ಮೇಲೆ ಬೆಕ್ಕು ನಡೆದ ಹಾಗೆ ನಡೆಯತ್ತೆ" ಎಂದು ಗೊಣಗಿದರು. ಒಂದು ಮನೆಯವರು ಬಟ್ಟೆ ಕೊಡುವುದನ್ನು ನಿಲ್ಲಿಸಿದರು, ಕಾರಣ ಹೇಳಲಿಲ್ಲ. ಅತಿಥಿಗೃಹದ ಮೇಲ್ವಿಚಾರಕ ಕಾಯಿಲೆಯ ವಿಷಯ ಕೇಳಿಕೊಂಡು ಬಂದಾಗ ನನ್ನ ಗಂಡ ತಡವರಿಸಿದರು. ಅತ್ತೆಯೇ ಸ್ಟೂಲಿನಿಂದ ಎದ್ದು ಹೇಳಿದರು, "ಹೊಗೆ ಕುಡಿದು ಬಂದ ಕಾಯಿಲೆ ಅಪ್ಪ. ಅಂಟೋದಲ್ಲ. ಬೇಕಾದ್ರೆ ಡಾಕ್ಟರನ್ನ ಕೇಳು. ಬಟ್ಟೆ ಇಟ್ಟು ಹೋಗು." ಅವನು ಇಟ್ಟು ಹೋದ.

ನನ್ನ ಗಂಡ ಸಿಗರೇಟು ಬಿಟ್ಟರು, ಮತ್ತೆ ಹಿಡಿದರು, ಮತ್ತೆ ಬಿಟ್ಟಿದ್ದಾರೆ. ಈಗ ಬಿಟ್ಟೇ ಇದ್ದಾರೆ. ಮುಂದೆಯೂ ಹಾಗೇ ಇರಲಿ ಎಂದು ನಾನು ಬಾಯಿ ಬಿಟ್ಟು ಹೇಳುವುದಿಲ್ಲ, ಪ್ರತಿದಿನ ಜೇಬು ಮಾತ್ರ ನೋಡುತ್ತೇನೆ.

ಆಸ್ಪತ್ರೆಯವರು ಅತ್ತೆಗೆ ಫ್ಲೂ ಮತ್ತು ನ್ಯುಮೋನಿಯಾ ಬರದಂತೆ ಲಸಿಕೆ ಹಾಕಿದರು. ಉಸಿರಾಟದ ಒಂದು ವ್ಯಾಯಾಮ ಹೇಳಿಕೊಟ್ಟರು. ಮೂಗಿನಿಂದ ಎಳೆದುಕೊಂಡು, ಬಿಸಿ ಹಾಲು ಆರಿಸುವಾಗ ಮಾಡುವಂತೆ ತುಟಿ ಸಣ್ಣಗೆ ಮಾಡಿ ನಿಧಾನವಾಗಿ ಬಿಡುವುದು. ಎಳೆದದ್ದಕ್ಕಿಂತ ಬಿಡುವುದು ಹೆಚ್ಚು ಹೊತ್ತು. ಸುಮ್ಮನೆ ಕೂರಬಾರದು, ದಿನಾ ಸ್ವಲ್ಪ ನಡೆಯಬೇಕು ಎಂದರು. ಅತ್ತೆ ಮೆಟ್ಟಿಲು ಹತ್ತುತ್ತಾರೆ ಈಗ. ಮೊದಲ ಮಹಡಿಯವರೆಗೆ, ಗೋಡೆ ಹಿಡಿದು, ನಿಂತು ನಿಂತು. ಮೇಲಿನ ಮಹಡಿಗಳಿಗೆ ಬುಟ್ಟಿಯೇ ಇದೆ. ಇರಲಿ.

ಹಳೆಯ ಕಬ್ಬಿಣದ ಪೆಟ್ಟಿಗೆಯನ್ನು ಗುಜರಿಗೆ ಹಾಕಲು ಅವರು ಬಿಡಲಿಲ್ಲ. ನಮ್ಮ ಅಂಗಡಿಯ ಬಾಗಿಲು ವಾಲಿಕೊಂಡಿದೆ, ತಂತಾನೇ ಮುಚ್ಚಿಕೊಳ್ಳುತ್ತದೆ. ಆ ಪೆಟ್ಟಿಗೆಯನ್ನು ತಂದು ಬಾಗಿಲಿಗೆ ಅಡ್ಡ ಇಟ್ಟರು, ಮುಚ್ಚದಂತೆ.

ಮೊನ್ನೆ ಜೋರು ಗಾಳಿ ಬೀಸುತ್ತಿತ್ತು. ಬೀದಿಯಲ್ಲಿ ಯಾರೂ ಕಸಕ್ಕೆ ಬೆಂಕಿ ಹಾಕಿರಲಿಲ್ಲ, ಏನೂ ಇರಲಿಲ್ಲ, ಬರೀ ಗಾಳಿ. ನನ್ನ ಮುಂದೆ ಬಿಳಿ ಹಾಸಿಗೆ ಬಟ್ಟೆಯ ರಾಶಿ. ಹಳೆಯ ಅಭ್ಯಾಸ, ಕಾಲು ತಂತಾನೇ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿತು. ಬಾಗಿಲು ಮುಚ್ಚಿಕೊಂಡಿತು.

ಹಿಂದಿನಿಂದ ಅತ್ತೆಯ ಧ್ವನಿ ಬಂತು. "ಯಾರೇ ಅದು ಬಾಗಿಲು ಹಾಕಿದ್ದು, ನಾನು ಇಷ್ಟು ವರ್ಷ ಬಟ್ಟೆಗೆ ಬೂದಿ ಬೀಳದಿರಲಿ ಅಂತ ಎದೆಗೆ ತುಂಬ್ಕೊಂಡಿದ್ದು ಸಾಲದು ಅಂತ ನೀನೂ ಶುರು ಮಾಡ್ತೀಯೇನೇ, ತೆಗಿ ಬಾಗಿಲು ಮೊದಲು, ನಾಳೆ ನಿನ್ನ ಮಗಳೂ ನನ್ನ ತರ ಬುಟ್ಟಿ ಕಟ್ಟಿಸೋ ಹಾಗಾಗೋದು ಬೇಡ."

ಇಡೀ ಬೈಗುಳ, ನಡುವೆ ಎಲ್ಲೂ ನಿಲ್ಲದೆ. ನಾನು ಬಾಗಿಲು ತೆಗೆದು ಪೆಟ್ಟಿಗೆಯನ್ನು ಮತ್ತೆ ಅಡ್ಡ ಇಟ್ಟೆ. ಆಮೇಲೆ ಸ್ವಲ್ಪ ಹೊತ್ತು ಹೊರಗೆ ಮುಖ ಮಾಡಿ ನಿಂತೆ. ಅತ್ತೆ ಬೈದದ್ದಕ್ಕೆ ಕಣ್ಣಲ್ಲಿ ನೀರು ಬಂದದ್ದು ಇದೇ ಮೊದಲಲ್ಲ. ಖುಷಿಗೆ ಬಂದದ್ದು ಇದೇ ಮೊದಲು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಕೆಲಸ ಮುಗಿಯದ ದಿನಗಳೇ ಇರುತ್ತವೆ, ಗೊತ್ತು. ಆದರೂ ಇವತ್ತು ಮನೆಗೆ ಹೋದಾಗ ಒಂದು ಕ್ಷಣ ನಿಂತು ನೋಡಿ. ಯಾರ ಕೆಮ್ಮು ವಾರಗಟ್ಟಲೆ ನಿಂತಿಲ್ಲ? ಯಾರು ಮೆಟ್ಟಿಲು ತಪ್ಪಿಸಲು ಜಾಣ ಉಪಾಯ ಹುಡುಕಿಕೊಂಡಿದ್ದಾರೆ? ಯಾರು ಮಾತನ್ನು ಅರ್ಧಕ್ಕೆ ನಿಲ್ಲಿಸಿ ಕೈ ಬೀಸುತ್ತಿದ್ದಾರೆ? ಅವರು ಸಿಗರೇಟು ಸೇದದಿದ್ದರೂ ಸರಿ, ಸೌದೆ, ಇದ್ದಿಲು, ಕಾರ್ಖಾನೆಯ ಹೊಗೆ, ಧೂಳಿನಲ್ಲಿ ಕೆಲಸ ಮಾಡಿದವರಾದರೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಊದುವ ಪರೀಕ್ಷೆ ಮಾಡಿಸಿ. ಪಂಪು ಕೊಟ್ಟರೆ ಅದನ್ನು ಎಳೆಯುವುದು ಹೇಗೆಂದು ಅಲ್ಲೇ ನರ್ಸಿನ ಮುಂದೆ ಅವರ ಕೈಯಲ್ಲೇ ಮಾಡಿಸಿ ತೋರಿಸಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ. ಹೊರಗೆ ಸಾಲು ಎಷ್ಟೇ ಉದ್ದವಿರಲಿ, ನಾಚಿಕೊಳ್ಳಬೇಡಿ. ಹಗುರವಾಯಿತೆಂದು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಕಫದ ಬಣ್ಣ ತಿರುಗಿದರೆ, ಉಸಿರು ಎಂದಿಗಿಂತ ಬಿಗಿಯಾದರೆ ಕಾಯಬೇಡಿ. ತುಟಿ ನೀಲಿಯಾದರೆ, ಮಂಪರು ಬಂದರೆ ಆ ಕ್ಷಣವೇ ಹೊರಡಿ.

ಮತ್ತೆ, ಒಲೆ ಉರಿಯುವ ಕೋಣೆಯ ಬಾಗಿಲು ತೆರೆದಿಡಿ. ಬಟ್ಟೆಗೆ ಬೂದಿ ಬಿದ್ದರೆ ಇನ್ನೊಮ್ಮೆ ಒಗೆಯಬಹುದು.